ಓದುಗರ ಪ್ರಶ್ನೆ: ಫ್ರೆಂಚರ ಮೇಲಿನ ಹುಸಿಮುನಿಸು

ಕಳೆದ ಸಂಚಿಕೆಯಲ್ಲಿ ಕಾಫಿಯ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತಾ, "ಜಂಬದಲ್ಲಿ ಫ್ರೆಂಚರನ್ನು ಮೀರಿಸುವವರಿಲ್ಲ, ಕಾಫಿಯಲ್ಲಿ ಮಾತ್ರ ಅವರನ್ನು ಯಾರು ಬೇಕಾದರೂ ಮೀರಿಸಬಹುದು" ಎಂದು ನಾನು ಬರೆದಿದ್ದೆ. ಆ ಒಂದು ಸಾಲಿಗೆ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಬಂದಷ್ಟು ಪತ್ರಗಳು ನನ್ನ ಗಂಭೀರವಾದ ಉತ್ತರಗಳಿಗೆ ಎಂದೂ ಬಂದಿಲ್ಲ. ಕೆಲವರು ಚಪ್ಪಾಳೆ ತಟ್ಟಿದ್ದಾರೆ, ಕೆಲವರು ತರಾಟೆಗೆ ತೆಗೆದುಕೊಂಡಿದ್ದಾರೆ. ಹಾಗಾಗಿ ಈ ಸಲದ ಅಂಕಣವನ್ನು ಫ್ರೆಂಚರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಪ್ಯಾರಿಸ್ಸಿನ ಕಾಫಿ ಅಂಗಡಿಗಳನ್ನು ಲೋಕವೆಲ್ಲ ಕೊಂಡಾಡುತ್ತದೆ. ತಾವು ಅದನ್ನು ಹಳಿದದ್ದು ಕಾಫಿ ಬೆಳೆಯುವವರ ಹೊಟ್ಟೆಕಿಚ್ಚಿನಿಂದಲೇ? — ಕಾಫಿ ಬೆಳೆಗಾರ, ಮೂಡಿಗೆರೆ

ಮಾನ್ಯರೇ, ಹೊಟ್ಟೆಕಿಚ್ಚು ಇರುವುದು ನಿಜ. ಆದರೆ ಅದು ಅಂಗಡಿಯ ಬಗ್ಗೆ, ಬಟ್ಟಲಲ್ಲಿರುವುದರ ಬಗ್ಗೆ ಅಲ್ಲ. 1686ರಲ್ಲಿ ಪ್ಯಾರಿಸ್ಸಿನಲ್ಲಿ ಬಾಗಿಲು ತೆರೆದ ಪ್ರೊಕೋಪ್ ಎಂಬ ಕಾಫಿ ಅಂಗಡಿಯ ಹೆಸರು ಇಂದಿಗೂ ಉಳಿದಿದೆ. ಒಂದು ಬಟ್ಟಲು ಕಾಫಿ ತರಿಸಿಕೊಂಡು ಅರ್ಧ ದಿನ ಕುಳಿತರೂ ಎದ್ದುಹೋಗಿ ಎನ್ನದ ಅಲ್ಲಿನ ಸಂಪ್ರದಾಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬೆಳೆದವರು ನಾವು, ಕೂತು ಕುಡಿದು ಹೆಸರು ಮಾಡಿದವರು ಅವರು ಎಂಬುದಷ್ಟೇ ನನ್ನ ಸಂಕಟ. ಬಟ್ಟಲಿನ ವಿಷಯಕ್ಕೆ ಬಂದರೆ, ಆಫ್ರಿಕಾದ ತಮ್ಮ ವಸಾಹತುಗಳಲ್ಲಿ ಕಹಿ ಹೆಚ್ಚಿರುವ ರೋಬಸ್ಟಾ ಎಂಬ ಜಾತಿಯ ಕಾಫಿ ಬೆಳೆಸಿ ಅದನ್ನೇ ತರಿಸಿಕೊಳ್ಳುತ್ತಿದ್ದ ಫ್ರೆಂಚರು ತಲೆಮಾರುಗಟ್ಟಲೆ ಅದನ್ನು ಕಪ್ಪಗೆ ಹುರಿದು ಕುಡಿಯುವ ಅಭ್ಯಾಸ ಮಾಡಿಕೊಂಡರು. ಹೀಗೆನ್ನುವಾಗ ನಮ್ಮ ದೇಶದ ಬೆಳೆಯಲ್ಲೂ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲು ರೋಬಸ್ಟಾ ಎಂಬುದನ್ನು ನಾನು ಮರೆತಿಲ್ಲ. ಮರೆತರೂ ನೆನಪಿಸಲು ತಾವಿದ್ದೀರಿ.

ನಮ್ಮವರ ಜಂಬಕ್ಕೂ ಇಲ್ಲೊಂದು ಅವಕಾಶವಿದೆ. ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮಗೆಲ್ಲ ಗೊತ್ತಿರುವುದೇ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಡಚ್ಚರು ನಮ್ಮ ಘಟ್ಟದ ಕೆಳಗಿನ ಮಲಬಾರ್ ತೀರದಿಂದ ಕಾಫಿ ಗಿಡಗಳನ್ನು ಜಾವಾಕ್ಕೆ ಒಯ್ದರು. ಜಾವಾದ ಗಿಡ ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು. ಅಲ್ಲಿಂದ 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಉಡುಗೊರೆಯಾಗಿ ಪ್ಯಾರಿಸ್ಸಿನ ರಾಜೋದ್ಯಾನ ಸೇರಿತು. ಆ ಗಿಡದ ಸಂತಾನದ ಒಂದು ಸಸಿಯನ್ನು 1720ರ ದಶಕದ ಮೊದಲ ವರ್ಷಗಳಲ್ಲಿ ಗೇಬ್ರಿಯಲ್ ದ ಕ್ಲಿಯೂ ಎಂಬ ಅಧಿಕಾರಿ ಹಡಗಿನಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಸಾಗಿಸಿದನು. ದಾರಿಯಲ್ಲಿ ಕುಡಿಯುವ ನೀರಿಗೆ ತತ್ವಾರವಾದಾಗ ತನ್ನ ಪಾಲಿನ ನೀರನ್ನೇ ಸಸಿಗೆ ಹಂಚಿದೆನೆಂದು ಅವನೇ ಬರೆದುಕೊಂಡಿದ್ದಾನೆ. ಏಳು ಬೀಜದ ಕಥೆ ನಮ್ಮದು, ಅರ್ಧ ಲೋಟ ನೀರಿನ ಕಥೆ ಅವರದು. ಕಾಫಿ ಗಿಡಕ್ಕೆ ಕಥೆ ಕಟ್ಟುವ ವಿದ್ಯೆಯಲ್ಲಿ ನಾವಿಬ್ಬರೂ ಸಮಸಮ.

ಇನ್ನು ಚಿಕೋರಿ. ನೆಪೋಲಿಯನ್ 1806ರಲ್ಲಿ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಹಡಗುಗಳು ನಿಂತು ಕಾಫಿ ದುರ್ಲಭವಾಯಿತು. ಆಗ ಫ್ರಾನ್ಸಿನಲ್ಲಿ ಚಿಕೋರಿ ಬೇರನ್ನು ಹುರಿದು ಪುಡಿಮಾಡಿ ಬೆರೆಸುವ ರೂಢಿ ಮನೆಮನೆಗೂ ಹಬ್ಬಿತು. ಯುದ್ಧ ಮುಗಿಯಿತು, ರೂಢಿ ಮುಗಿಯಲಿಲ್ಲ. ಪೇಟೆಯ ಪುಡಿ ಅಂಗಡಿಯಲ್ಲಿ ನಿಂತು "ಎಂಬತ್ತು–ಇಪ್ಪತ್ತು ಬೆರೆಸಿ" ಎಂದು ಕೇಳುವ ನಾವು, ಕಾಫಿ ಸಿಗದವರ ಪೇಚಾಟದಲ್ಲಿ ಬೆಳೆದ ಅಭ್ಯಾಸವೊಂದನ್ನು ಕಾಫಿಯ ತವರಿನಲ್ಲೇ ಕುಳಿತು ಪಾಲಿಸುತ್ತಿದ್ದೇವೆ. ನಮ್ಮ ಮನೆಯಲ್ಲೂ ಅದೇ ಪುಡಿ. ಹಾಗಾಗಿ ಕಳೆದ ಸಂಚಿಕೆಯ ಸಾಲಿನ ಎರಡನೆಯ ಅರ್ಧವನ್ನು ಪೂರ್ತಿ ಅಲ್ಲದಿದ್ದರೂ ಶೇಕಡಾ ಇಪ್ಪತ್ತರಷ್ಟು ಹಿಂತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಫ್ರೆಂಚರು ಒರಟರು, ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ಮುಖ ತಿರುಗಿಸುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ? — ಕಾಲೇಜು ವಿದ್ಯಾರ್ಥಿನಿ, ಬೇಲೂರು

ಎಲ್ಲರೂ ಎಂದರೆ ಯಾರು ಎಂಬುದನ್ನು ಮೊದಲು ನೋಡಬೇಕು. ಫ್ರೆಂಚರ ಬಗ್ಗೆ ನಮಗೆ ಬಂದಿರುವ ಹೆಚ್ಚಿನ ಮಾತುಗಳು ಅವರೊಂದಿಗೆ ಶತಮಾನಗಳ ಕಾಲ ಕಾದಾಡಿದ ಇಂಗ್ಲಿಷರಿಂದ ಬಂದವು. ದಾಯಾದಿಗಳು ಒಬ್ಬರ ಬಗ್ಗೆ ಒಬ್ಬರು ಹೇಳುವ ಮಾತನ್ನು ಊರಿನವರು ಹೇಗೆ ತೆಗೆದುಕೊಳ್ಳುತ್ತಾರೋ ಇದನ್ನೂ ಹಾಗೆಯೇ ತೆಗೆದುಕೊಳ್ಳಬೇಕು. ಹೇಳದೆ ಕೇಳದೆ ಜಾಗ ಖಾಲಿ ಮಾಡುವುದಕ್ಕೆ ಇಂಗ್ಲಿಷರು "ಫ್ರೆಂಚ್ ರಜೆ" ಎನ್ನುತ್ತಾರೆ. ಅದನ್ನೇ ಫ್ರೆಂಚರು "ಇಂಗ್ಲಿಷರ ಹಾಗೆ ಜಾರಿಕೊಳ್ಳುವುದು" ಎನ್ನುತ್ತಾರೆ. ಗುಹ್ಯರೋಗವೊಂದು ಯುರೋಪಿನಲ್ಲಿ ಹಬ್ಬಿದಾಗ ಇಂಗ್ಲಿಷರು ಅದನ್ನು ಫ್ರೆಂಚ್ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು. ಹದಿನಾರನೆಯ ಶತಮಾನದ ನಮ್ಮ ಆಯುರ್ವೇದ ಗ್ರಂಥದಲ್ಲಿ ಅದು "ಫಿರಂಗ ರೋಗ"ವಾಗಿ ಬಂದು ಕುಳಿತಿತು. ಫ್ರಾನ್ಸಿಗೆ ಹೆಸರು ಕೊಟ್ಟ ಫ್ರಾಂಕ್ ಎಂಬ ಬುಡಕಟ್ಟಿನ ಹೆಸರೇ ಅರಬ್ಬರ, ಪಾರಸಿಗಳ ಬಾಯಲ್ಲಿ ಫರಂಗಿಯಾಗಿ ನಮ್ಮಲ್ಲಿಗೆ ಬಂದದ್ದು. ಅದರಿಂದ ನಮಗೆ ಕೋಟೆಯ ಮೇಲಿನ ಫಿರಂಗಿಯೂ ಬಂತು, ಹಿತ್ತಲಿನ ಪರಂಗಿ ಹಣ್ಣೂ ಬಂತು. ಆ ಹಣ್ಣು ಅಮೆರಿಕ ಖಂಡದ್ದು, ಅದನ್ನು ತಂದವರು ಪೋರ್ಚುಗೀಸರು, ಹೆಸರು ಮಾತ್ರ ಫ್ರಾಂಕರದು. ಬಿಳಿಯರೆಲ್ಲ ನಮಗೆ ಒಂದೇ ಆಗಿದ್ದ ಕಾಲದ ಉದಾರವಾದ ತಪ್ಪು ಅದು.

ಒರಟುತನದ ವಿಷಯದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನನ್ನ ತಂಗಿ ಮಲ್ಲಂದೂರಿನ ಕಡೆ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಾಳೆ. ಕೆಲವು ವರ್ಷಗಳ ಹಿಂದೆ, ಮೂರು ದಿನ ಬಿಡದೆ ಸುರಿಯುತ್ತಿದ್ದ ಜುಲೈ ಮಳೆಯಲ್ಲಿ ಲಿಯೋಂ ನಗರದ ವಯಸ್ಸಾದ ದಂಪತಿ ಅಲ್ಲಿಗೆ ಬಂದಿಳಿದರು. ಆ ಯಜಮಾನರು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದ ಹೆಂಗಸಿಗೆ ತಲೆಬಾಗಿ "ಬೋಂಜೂರ್", ಅಂದರೆ ನಮಸ್ಕಾರ, ಎಂದರು. ಮಳೆಯ ಸದ್ದಿನಲ್ಲಿ ಆಕೆಗೆ ಅದು "ಭಾರೀ ಜೋರು" ಎಂದು ಕೇಳಿಸಿತು. "ಹೌದು ಸ್ವಾಮಿ, ಭಾರೀ ಜೋರು, ಹೊಳೆ ತುಂಬಿ ಸಂಕ ಮುಳುಗಿದೆ" ಎಂದು ಆಕೆ ಉತ್ತರಿಸಿದರು. ಅವರಿಗೂ ಸಮಾಧಾನವಾಯಿತು, ಇವರಿಗೂ ಸಮಾಧಾನವಾಯಿತು. ಉಳಿದ ನಾಲ್ಕು ದಿನವೂ ಬೆಳಗಿನ ಈ ಸಂಭಾಷಣೆ ತಪ್ಪಲಿಲ್ಲ.

ವಿಷಯ ಇಷ್ಟೇ: ಫ್ರಾನ್ಸಿನಲ್ಲಿ ಅಂಗಡಿಗೆ ಹೊಕ್ಕವರು ಮೊದಲು ವಂದನೆ ಹೇಳಬೇಕು, ಅನಂತರ ಬೆಲೆ ಕೇಳಬೇಕು. ಪ್ರವಾಸಿ ನೇರವಾಗಿ "ಇದೆಷ್ಟು" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಅಂಗಡಿಯವನಿಗೆ ಎದುರಿಗಿರುವವನೇ ಒರಟನಾಗಿ ಕಾಣುತ್ತಾನೆ. ಮಲೆನಾಡಿನಲ್ಲಿ ಮನೆಗೆ ಬಂದವರು ಕೈಗೆ ನೀರು ಬರುವ ಮೊದಲೇ ಬಂದ ಕೆಲಸ ಹೇಳಿದರೆ ನಮ್ಮ ಹಿರಿಯರ ಮುಖ ಹೇಗಾಗುತ್ತದೆಂದು ನಿಮಗೆ ಗೊತ್ತಿರಬೇಕು. ಅವರ ಭಾಷೆಯಲ್ಲಿ ನಮ್ಮಂತೆಯೇ "ನೀನು" ಬೇರೆ, "ನೀವು" ಬೇರೆ. ಅಪರಿಚಿತರನ್ನು ಏಕವಚನದಲ್ಲಿ ಕರೆದರೆ ಅಲ್ಲಿಯೂ ಜಗಳವಾಗುತ್ತದೆ. ರಾಜನಿಗೂ ನಾಯಿಗೂ ಒಂದೇ ಸರ್ವನಾಮ ಬಳಸುವ ಇಂಗ್ಲಿಷರಿಗೆ ಇದು ಜಂಬವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನಮಗೂ ಹಾಗೆಯೇ ಕಾಣಬೇಕಾದ ಅಗತ್ಯವಿಲ್ಲ. ಇಷ್ಟಾದರೂ, ಆ ಯಜಮಾನರು ತಂಗಿಯ ಮನೆಯ ಫಿಲ್ಟರ್ ಕಾಫಿಗೆ ಹಾಲು ಬೆರೆಸಿದ್ದನ್ನು ಕಂಡು, ಊಟದ ಮೇಲೆ ಹಾಲು ಬೆರೆಸಿದ ಕಾಫಿ ಕುಡಿಯುವುದು ಅನಾಗರಿಕವೆಂಬಂತೆ ಹುಬ್ಬೇರಿಸಿದ್ದನ್ನು ನಾನಿನ್ನೂ ಕ್ಷಮಿಸಿಲ್ಲ.

ಪ್ರಶ್ನೆ: ಅತ್ತರು, ಸಿಂಗಾರದ ಬಟ್ಟೆ, ವೈನು ಬಿಟ್ಟರೆ ಫ್ರೆಂಚರಿಂದ ನಮ್ಮಂಥ ರೈತರಿಗೆ ಏನಾದರೂ ಉಪಕಾರವಾಗಿದೆಯೇ? — ಅಡಿಕೆ ಬೆಳೆಗಾರ, ಕೊಪ್ಪ

ಸ್ವಾಮಿ, ತಾವು ಈ ಪತ್ರ ಬರೆದ ಕೈಯಲ್ಲಿ ನೀಲಿ ಕಲೆ ಇಲ್ಲದಿದ್ದರೆ ಅದು ಮಳೆಗಾಲಕ್ಕೆ ಮೊದಲು ಬರೆದ ಪತ್ರವಿರಬೇಕು. ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸುವ ಕೊಳೆರೋಗಕ್ಕೆ ವರ್ಷವೂ ತಾವು ಹೊಡೆಸುವ ಬೋರ್ಡೋ ದ್ರಾವಣದ ಹೆಸರು ಫ್ರಾನ್ಸಿನ ಬೋರ್ಡೋ ಪಟ್ಟಣದ್ದು. ನಮ್ಮ ಕೆಲಸಗಾರರ ಬಾಯಲ್ಲಿ ಅದು "ಬೋಡೋ" ಆಗಿ, ಯಾವುದೋ ಕಂಪನಿಯ ಹೆಸರೆಂಬಂತೆ ಉಳಿದಿದೆ.

ಇದರ ಹುಟ್ಟು ಬಹಳ ಸ್ವಾರಸ್ಯವಾಗಿದೆ. ಅಮೆರಿಕದಿಂದ ಬಂದ ಬೂಜುರೋಗವೊಂದು 1870ರ ದಶಕದ ಕೊನೆಯಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹೊಕ್ಕು ಎಲೆ ಉದುರಿಸತೊಡಗಿತು. ಬೋರ್ಡೋ ಬಳಿಯ ಮೆಡೋಕ್ ಎಂಬ ಪ್ರದೇಶದ ಬೆಳೆಗಾರರಿಗೆ ರೋಗದ ಜೊತೆಗೆ ಇನ್ನೊಂದು ಕಾಟವೂ ಇತ್ತು: ರಸ್ತೆಬದಿಯ ಸಾಲುಗಳ ಹಣ್ಣನ್ನು ದಾರಿಹೋಕರು ಕಿತ್ತು ತಿನ್ನುತ್ತಿದ್ದರು. ಅದಕ್ಕಾಗಿ ಅವರು ರಸ್ತೆಯ ಅಂಚಿನ ಬಳ್ಳಿಗಳಿಗೆ ಮಾತ್ರ ಮೈಲುತುತ್ತ (ತಾಮ್ರದ ನೀಲಿ ಲವಣ) ಮತ್ತು ಸುಣ್ಣವನ್ನು ಕಲಸಿ ಎರಚುತ್ತಿದ್ದರು. ನೀಲಿಗಟ್ಟಿದ ಹಣ್ಣನ್ನು ಕಂಡು ವಿಷವೆಂದು ಜನ ಕೈಹಾಕುತ್ತಿರಲಿಲ್ಲ. 1882ರಲ್ಲಿ ಆ ದಾರಿಯಲ್ಲಿ ಹೋಗುತ್ತಿದ್ದ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಯಾರ್ದೆ, ತೋಟದ ಒಳಗಿನ ಬಳ್ಳಿಗಳೆಲ್ಲ ಬೋಳಾಗಿದ್ದರೂ ರಸ್ತೆಯಂಚಿನ ಸಾಲುಗಳು ಹಸಿರಾಗಿಯೇ ಇರುವುದನ್ನು ಗಮನಿಸಿದರು. ಮೂರು ವರ್ಷ ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರನ್ನು ಹೆದರಿಸಲು ಮಾಡಿದ ಉಪಾಯ ಜಗತ್ತಿನ ಹೆಸರಾಂತ ಶಿಲೀಂಧ್ರನಾಶಕವಾಯಿತು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ನಮ್ಮ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಇದೇ ದ್ರಾವಣವನ್ನು ಬಳಕೆಗೆ ತಂದರು. ಅದಕ್ಕೆ ಮೊದಲು ನಮ್ಮವರಿಗೆ ಗೊತ್ತಿದ್ದ ದಾರಿಯೆಂದರೆ ಮರ ಮರ ಹತ್ತಿ ಅಡಿಕೆ ಕೊನೆಗಳಿಗೆ, ಅಂದರೆ ಗೊನೆಗಳಿಗೆ, ಕೊಟ್ಟೆ ಹೊದಿಸಿ ಕಟ್ಟಿ ಮಳೆಯಿಂದ ಮರೆಮಾಡುವುದು. ನಮ್ಮ ಅಜ್ಜಯ್ಯ ಬೋರ್ಡೋ ಕಲಸುವುದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. 1 ಕಿಲೋ ಮೈಲುತುತ್ತವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ, 50 ಲೀಟರ್ ನೀರಿನ ಮರದ ಪೀಪಾಯಿಯಲ್ಲಿ ರಾತ್ರಿಯೇ ಇಳಿಬಿಡುತ್ತಿದ್ದರು. ಬೆಳಿಗ್ಗೆ 1 ಕಿಲೋ ಸುಣ್ಣವನ್ನು ಬೇರೆಯಾಗಿ 50 ಲೀಟರಿನಲ್ಲಿ ಕದಡಿ, ಸೋಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ತಿರುವುತ್ತಿದ್ದರು. ಸುಣ್ಣವನ್ನು ತುತ್ತಕ್ಕೆ ಸುರಿದರೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಕೊನೆಗೆ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಹಿಡಿದು ನೋಡುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ, ಅಂಥ ಮದ್ದು ಹೊಡೆದರೆ ಕಾಯಿ ಸುಡುತ್ತದೆ. ಅಲಗು ಹೊಳೆಯುತ್ತಿದ್ದರೆ ಮಾತ್ರ ಕೊನೆಗಾರನಿಗೆ ಮರ ಹತ್ತಲು ಅಪ್ಪಣೆ. ಫ್ರಾನ್ಸ್ ಎಂಬ ದೇಶ ಯಾವ ದಿಕ್ಕಿಗಿದೆಯೆಂದು ಅಜ್ಜಯ್ಯನಿಗೆ ಗೊತ್ತಿರಲಿಲ್ಲ. ಆದರೆ ಮೆಡೋಕಿನ ಯಾವ ರೈತನೂ ಅವರ ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಲೆಕ್ಕ ಸಮವಾಗಲೆಂದು ಇನ್ನೊಂದು ಮಾತು. ಕಾಫಿ ಎಲೆಯನ್ನು ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕುಕ್ ವೈಜ್ಞಾನಿಕ ಹೆಸರಿಟ್ಟಾಗ ನಮ್ಮ "ಕೊಳೆರೋಗ" ಎಂಬ ಪದವನ್ನೇ ಅದರಲ್ಲಿ ಸೇರಿಸಿದರು. ಮದ್ದಿಗೆ ಹೆಸರು ಕೊಟ್ಟವರು ಅವರಾದರೆ ರೋಗಕ್ಕೆ ಹೆಸರು ಕೊಟ್ಟವರು ನಾವು.

ಪ್ರಶ್ನೆ: ಕಿಲೋ, ಲೀಟರ್, ಮೀಟರ್ ಇವೂ ಫ್ರೆಂಚರವೇ? — ದಿನಸಿ ವ್ಯಾಪಾರಿ, ಅರಸೀಕೆರೆ

ಹೌದು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ರೂಪುಗೊಂಡು 1795ರ ಕಾನೂನಿನಿಂದ ಜಾರಿಗೆ ಬಂದ ಅಳತೆಗಳು ಅವು. ಅಲ್ಲಿಯವರೆಗೆ ಅಲ್ಲಿ ಊರಿಗೊಂದು ಅಳತೆಯಿತ್ತು, ನಮ್ಮಲ್ಲಿ ಪೇಟೆಗೊಂದು ಸೇರು, ಕೊಳಗ ಇದ್ದ ಹಾಗೆ. ನಮ್ಮ ದೇಶ 1956ರಲ್ಲಿ ಕಾನೂನು ಮಾಡಿ ಅವರ ಅಳತೆಯನ್ನು ಒಪ್ಪಿಕೊಂಡಿತು. ತಾವು ಕೊಬ್ಬರಿ ತೂಗುವುದು ಫ್ರೆಂಚರ ಲೆಕ್ಕದಲ್ಲಿ, ತೋಟ ಅಳೆಯುವುದು ಮಾತ್ರ ಇಂದಿಗೂ ಇಂಗ್ಲಿಷರ ಎಕರೆಯಲ್ಲಿ.

ಫ್ರೆಂಚರಿಗೆ ತರ್ಕದ ಹುಚ್ಚು ಹೆಚ್ಚು ಎಂಬ ಮಾತಿಗೆ ಇಲ್ಲಿ ಸಾಕ್ಷಿ ಸಿಗುತ್ತದೆ. ತೂಕವನ್ನು ಹತ್ತರ ಲೆಕ್ಕಕ್ಕೆ ತಂದವರು ಅಷ್ಟಕ್ಕೇ ನಿಲ್ಲದೆ, ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಹತ್ತು ದಿನ ಎಂದೂ ಮಾಡಿಬಿಟ್ಟರು. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ವಿರಾಮ ಹತ್ತು ದಿನಕ್ಕೊಮ್ಮೆಯಾದಾಗ ದುಡಿಯುವವರು ಗೊಣಗದೆ ಇರುತ್ತಾರೆಯೇ? ಹತ್ತು ಗಂಟೆಯ ದಿನ ಬೇಗನೆ ಬಿದ್ದುಹೋಯಿತು. ಆ ಪಂಚಾಂಗವನ್ನು 1806ರ ಮೊದಲ ದಿನದಿಂದ ನೆಪೋಲಿಯನ್ ಕೈಬಿಟ್ಟನು. ತಮ್ಮೂರಿನ ಸಂತೆಯನ್ನು ಹತ್ತು ದಿನಕ್ಕೊಮ್ಮೆ ಮಾಡುತ್ತೇವೆಂದು ಯಾರಾದರೂ ಡಂಗುರ ಸಾರಿದ್ದರೆ ಇಷ್ಟು ದಿನವೂ ಬಾಳುತ್ತಿರಲಿಲ್ಲ.

ಪ್ರಶ್ನೆ: ಭಾಷಾಭಿಮಾನವನ್ನು ನಾವು ಫ್ರೆಂಚರಿಂದ ಕಲಿಯಬೇಕೆಂದು ಭಾಷಣಕಾರರೆಲ್ಲ ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು? — ಕನ್ನಡ ಅಧ್ಯಾಪಕ, ಹಾಸನ

ಕಲಿಯಬೇಕಾದದ್ದೂ ಇದೆ, ಕಲಿಯಬಾರದ್ದೂ ಇದೆ. 1635ರಲ್ಲಿ ಸ್ಥಾಪನೆಯಾದ ಅವರ ಅಕಾಡೆಮಿಯಲ್ಲಿ 40 ಮಂದಿ ಸದಸ್ಯರು ಕುಳಿತು ನಿಘಂಟನ್ನು ಪರಿಷ್ಕರಿಸುತ್ತಲೇ ಇದ್ದಾರೆ. 1955ರಲ್ಲಿ ಕಂಪ್ಯೂಟರ್ ಬಂದಾಗ, ಅದನ್ನು ಮಾರುವ ಕಂಪನಿಯೇ ಪ್ಯಾರಿಸ್ಸಿನ ಲ್ಯಾಟಿನ್ ಪ್ರಾಧ್ಯಾಪಕರೊಬ್ಬರಿಗೆ ಪತ್ರ ಬರೆದು ಫ್ರೆಂಚ್ ಹೆಸರೊಂದನ್ನು ಕೇಳಿ ಪಡೆಯಿತು. "ಓರ್ದಿನಾತರ್" ಎಂಬ ಆ ಪದವನ್ನು ಇಂದು ಅಲ್ಲಿನ ಮಕ್ಕಳೂ ಬಳಸುತ್ತಾರೆ. ನಮ್ಮ "ಗಣಕಯಂತ್ರ" ಕಚೇರಿಯ ಫಲಕದಿಂದ ಕೆಳಗಿಳಿದು ಮನೆಗೆ ಬರಲೇ ಇಲ್ಲ. 1994ರ ಕಾನೂನಿನಂತೆ ಅಲ್ಲಿ ಜಾಹೀರಾತಿನಲ್ಲಿ, ಕೆಲಸದ ಒಪ್ಪಂದಗಳಲ್ಲಿ ಫ್ರೆಂಚ್ ಇರಲೇಬೇಕು. ರೇಡಿಯೊಗಳು ಹಾಕುವ ಜನಪ್ರಿಯ ಹಾಡುಗಳಲ್ಲಿ ಶೇಕಡಾ 40 ಫ್ರೆಂಚ್ ಹಾಡುಗಳಿರಬೇಕೆಂಬ ನಿಯಮವೂ 1996ರಿಂದ ಜಾರಿಗೆ ಬಂತು. ನಾಮಫಲಕಗಳಲ್ಲಿ ಶೇಕಡಾ 60 ಕನ್ನಡವಿರಬೇಕೆಂಬ 2024ರ ನಮ್ಮ ನಿಯಮವನ್ನು ಕಂಡರೆ ಅವರಿಗೆ ವಿಚಿತ್ರವೆನಿಸಲಾರದು. ಇಷ್ಟೆಲ್ಲ ಆದ ಮೇಲೂ ಫ್ರೆಂಚರು "ವೀಕೆಂಡ್", "ಪಾರ್ಕಿಂಗ್" ಎನ್ನುವುದನ್ನು ಬಿಟ್ಟಿಲ್ಲ ಎಂಬುದು ನನಗೆ ಒಳಗೊಳಗೇ ಸಂತೋಷ ಕೊಡುವ ಸಂಗತಿ.

ಆದರೆ ತಾವು ಅಧ್ಯಾಪಕರಾದ್ದರಿಂದ ಇನ್ನೊಂದು ಮುಖವನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಲೆಗಳು ಊರೂರಿಗೂ ತಲುಪಿದಾಗ, ಬ್ರೆಟನ್, ಆಕ್ಸಿಟನ್ ಮುಂತಾದ ಭಾಷೆಗಳನ್ನು ಮನೆಯಲ್ಲಿ ಆಡುತ್ತಿದ್ದ ಮಕ್ಕಳಿಗೆ ಫ್ರೆಂಚನ್ನು ಶಿಕ್ಷೆಯ ಮೂಲಕ ಕಲಿಸಲಾಯಿತು. ಶಾಲೆಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ತುಂಡನ್ನೋ ಹಳೆಯ ಚಪ್ಪಲಿಯನ್ನೋ ಕಟ್ಟುತ್ತಿದ್ದರು. ಆ ಮಗು ಇನ್ನೊಬ್ಬ ಮಗುವಿನ ಬಾಯಲ್ಲಿ ಮನೆಮಾತನ್ನು ಹಿಡಿದು ಅದರ ಕೊರಳಿಗೆ ದಾಟಿಸುವವರೆಗೆ ಬಿಡುಗಡೆಯಿರಲಿಲ್ಲ. ನಮ್ಮಲ್ಲಿ ಇಂಗ್ಲಿಷ್ ಶಾಲೆಗಳ ಆವರಣದಲ್ಲಿ ಕನ್ನಡ ಆಡಿದ್ದಕ್ಕೆ ದಂಡ ತೆತ್ತ ಮಕ್ಕಳನ್ನು ತಾವೂ ಕಂಡಿರುತ್ತೀರಿ. ಐದನೆಯ ಶತಮಾನದ ಹಲ್ಮಿಡಿ ಶಾಸನ ಸಿಕ್ಕಿದ್ದು ತಮ್ಮ ಜಿಲ್ಲೆಯಲ್ಲೇ. ಅಷ್ಟು ಹಳೆಯ ಬರಹವಿರುವ ಭಾಷೆಯವರಾದ ನಾವು ತುಳು, ಕೊಡವ, ಬ್ಯಾರಿಗಳ ಮಕ್ಕಳೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಫ್ರಾನ್ಸಿನಲ್ಲಿ ಮಾದರಿ ಹುಡುಕುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾವು ಅವರ ಬಗ್ಗೆ ಹೇಳುವುದಿರಲಿ, ಅವರು ನಮ್ಮ ಬಗ್ಗೆ ಏನು ಹೇಳಿದ್ದಾರೆ? — ಓದುಗ, ಗೊರೂರು

ತಮ್ಮೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲ ಬಂದಾಗಲೆಲ್ಲ ಮುಳುಗುವ ಶೆಟ್ಟಿಹಳ್ಳಿಯ ಚರ್ಚನ್ನು 1860ರ ದಶಕದಲ್ಲಿ ಕಟ್ಟಿದವರು ಫ್ರೆಂಚ್ ಪಾದ್ರಿಗಳು. ಅವರಿಗಿಂತ ಮೊದಲೇ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಆಬೆ ದುಬುವಾ ಎಂಬ ಪಾದ್ರಿ ನಮ್ಮವರಂತೆಯೇ ಉಡುಪು ತೊಟ್ಟು, ನಮ್ಮವರ ಊಟವನ್ನೇ ಉಂಡು, ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿ, ಕೊನೆಗೆ ನಮ್ಮ ಆಚಾರಗಳ ಬಗ್ಗೆ ಒಂದು ದಪ್ಪ ಗ್ರಂಥ ಬರೆದರು. ಅದರಲ್ಲಿ ನಮ್ಮ ಮೇಲೆ ಇರುವ ಟೀಕೆ ಸಣ್ಣದಲ್ಲ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2000 ಪಗೋಡ, ಅಂದರೆ ಚಿನ್ನದ ವರಹ, ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ಅದರ ಬಹುಭಾಗ ಕರ್ದೂ ಎಂಬ ಹಿಂದಿನ ಪಾದ್ರಿಯೊಬ್ಬರ ಹಸ್ತಪ್ರತಿಯಿಂದ ಎತ್ತಿದ್ದೆಂದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ತೋರಿಸಿಕೊಟ್ಟರು. ನಮ್ಮನ್ನು ಬೈದದ್ದಕ್ಕೆ ಇನಾಮು ಸಿಕ್ಕಿತು, ಬೈಗುಳವೂ ಸ್ವಂತದ್ದಾಗಿರಲಿಲ್ಲ.

ಪ್ರಶ್ನೆ: ಫ್ರೆಂಚರು ತಮ್ಮತಮ್ಮಲ್ಲೇ ಹಾಸ್ಯ ಮಾಡಿಕೊಳ್ಳುತ್ತಾರೆಯೇ, ನಮ್ಮ ಬಯಲುಸೀಮೆ–ಮಲೆನಾಡಿನವರ ಹಾಗೆ? — ಓದುಗಳು, ಸಕಲೇಶಪುರ

ಧಾರಾಳವಾಗಿ ಮಾಡಿಕೊಳ್ಳುತ್ತಾರೆ. ಓವರ್ನ್ ಸೀಮೆಯವರು ಜಿಪುಣರು, ಬ್ರಿಟನಿಯವರು ಹಟಮಾರಿಗಳು, ಮಾರ್ಸೇ ಊರಿನವರು ಕಡ್ಡಿಯನ್ನು ಗುಡ್ಡ ಮಾಡುವವರು. ಸಾರ್ದೀನ್ ಎಂಬ ಬೂತಾಯಿಯಂಥ ಸಣ್ಣ ಮೀನು ತಮ್ಮ ಬಂದರಿನ ಬಾಯಿಯನ್ನೇ ಮುಚ್ಚಿಬಿಟ್ಟಿತ್ತೆಂದು ಮಾರ್ಸೇಯವರು ಹೇಳುತ್ತಾರೆಂಬ ಗೇಲಿ ಇದೆ. ನಿಜಕ್ಕೂ ಅಲ್ಲಿ ಮುಳುಗಿ ದಾರಿಗೆ ಅಡ್ಡವಾದದ್ದು ಸಾರ್ತೀನ್ ಎಂಬ ಹೆಸರಿನ ಹಡಗು. ಒಂದಕ್ಷರ ಬದಲಾಗಿ ಹಡಗು ಮೀನಾಯಿತು. ನಾರ್ಮಂಡಿಯವರನ್ನು ಏನು ಕೇಳಿದರೂ "ಹೌದೂ ಇರಬಹುದು, ಅಲ್ಲದೆಯೂ ಇರಬಹುದು" ಎನ್ನುತ್ತಾರಂತೆ. ಮದುವೆಗೆ ಖಂಡಿತ ಬರುತ್ತೀರಾ ಎಂದು ಕೇಳಿದಾಗ "ನೋಡುವಾ" ಎನ್ನುವ ನಮ್ಮ ಘಟ್ಟದವರನ್ನು ಅಲ್ಲಿಗೆ ಕಳಿಸಿದರೆ ಭಾಷಾಂತರಕಾರರ ಅಗತ್ಯ ಬೀಳದು. ಹಾಸನದವರು ಚಿಕ್ಕಮಗಳೂರಿನವರ ಬಗ್ಗೆ ಹೇಳುವ ಮಾತುಗಳನ್ನೂ ತಾವು ಪತ್ರದಲ್ಲಿ ಬರೆದಿದ್ದೀರಿ; ನಾನು ಚಿಕ್ಕಮಗಳೂರಿನಲ್ಲಿ ಮನೆ ಮಾಡಿಕೊಂಡಿರುವುದರಿಂದ ಅವುಗಳನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ.